ಶೆಡ್ಡಿನಲ್ಲಿ ನಿಂತ ಸಿಜೆ3ಬಿ ಜೀಪನ್ನು ಎಬ್ಬಿಸುವ ಬಗೆ

ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಶೆಡ್ಡುಗಳಲ್ಲಿ ಗೊಬ್ಬರದ ಚೀಲದ ಹಿಂದೆ ಸಿಜೆ3ಬಿ, ಅಂದರೆ ಮಹೀಂದ್ರದವರು ಮಾಡುತ್ತಿದ್ದ ಹಳೆಯ ವಿಲ್ಲಿಸ್ ಮಾದರಿಯ ಜೀಪು, ಮಲಗಿರುವುದುಂಟು. ಮೊದಲು ಆರ್‌ಸಿ ಹುಡುಕಿ, ಚಾಸಿ ಮತ್ತು ಎಂಜಿನ್ ನಂಬರ್ ತಾಳೆ ನೋಡಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ್ದರೆ 2021ರ ನಿಯಮದಂತೆ ವಿಂಟೇಜ್ ನೋಂದಣಿಗೆ, ಅಂದರೆ ವಿಎ ಸರಣಿಯ ನಂಬರಿಗೆ, ಹಾಕಬಹುದು. ಆದರೆ ಚಾಸಿ, ಬಾಡಿ, ಎಂಜಿನ್ ಮೂಲದಂತೆಯೇ ಇರಬೇಕು. ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸಿದ ಗಾಡಿಗೆ ಆ ದಾರಿ ಕಷ್ಟ.

ಬ್ಯಾಟರಿ ತಂದು ನೇರ ಸೆಲ್ಫ್ ಹೊಡೆಯಲೇಬೇಡಿ. ಮಲೆನಾಡಿನ ತೇವಕ್ಕೆ ಪಿಸ್ಟನ್ ರಿಂಗು ಬೋರಿಗೆ (ಸಿಲಿಂಡರಿನ ಒಳಗೋಡೆಗೆ) ಅಂಟಿರುತ್ತದೆ, ಜೋರು ಮಾಡಿದರೆ ಮುರಿಯುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ, ಎಟಿಎಫ್ ಆಯಿಲ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ತೆಳು ಎಣ್ಣೆ) ಮತ್ತು ಸೀಮೆಎಣ್ಣೆ ಸಮ ಬೆರೆಸಿ ಒಂದೊಂದು ಸಿಲಿಂಡರಿಗೆ ಸುಮಾರು 50 ಮಿ.ಲೀ. ಬಿಡಿ. ಮೂರು-ನಾಲ್ಕು ದಿನ ಬಿಟ್ಟು, ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ಕೈಯಲ್ಲಿ ತಿರುಗಿಸುವ ಹ್ಯಾಂಡಲನ್ನು ಮುಂದಿನಿಂದ ಹಾಕಿ ಮೆಲ್ಲಗೆ ತಿರುಗಿಸಿ. ಬಾರದಿದ್ದರೆ ಮತ್ತೆ ಎಣ್ಣೆ ಬಿಟ್ಟು ಕಾಯಬೇಕು, ಪೈಪು ಸಿಕ್ಕಿಸಿ ಎಳೆಯಬಾರದು. ತಿರುಗಿದ ಮೇಲೆ ಸಂಪಿನ (ಎಂಜಿನ್ ತಳದ ಆಯಿಲ್ ತಟ್ಟೆಯ) ಆಯಿಲ್ ಬದಲಿಸಿ, ಏಕೆಂದರೆ ಸೀಮೆಎಣ್ಣೆ ಅಲ್ಲಿಗೇ ಇಳಿದಿರುತ್ತದೆ.

ಈ ಎಂಜಿನ್ನಿನ ಇನ್‌ಟೇಕ್ ವಾಲ್ವು ಹೆಡ್ಡಿನಲ್ಲಿದೆ, ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲಿದೆ. ಗೈಡಿನಲ್ಲಿ, ಅಂದರೆ ವಾಲ್ವಿನ ಕಡ್ಡಿ ಜಾರುವ ಕೊಳವೆಯಲ್ಲಿ, ತುಕ್ಕು ಹಿಡಿದು ಎಕ್ಸಾಸ್ಟ್ ವಾಲ್ವು ಮೇಲೇ ನಿಂತುಬಿಡುವುದು ಸಾಮಾನ್ಯ, ಪಕ್ಕದ ಕವರ್ ಬಿಚ್ಚಿ ನೋಡಿ. ಎಂಜಿನ್ ತಣ್ಣಗಿದ್ದಾಗ ಟ್ಯಾಪೆಟ್ ಸಂದು (ವಾಲ್ವಿಗೂ ಅದನ್ನು ತಳ್ಳುವ ಭಾಗಕ್ಕೂ ನಡುವಿನ ಜಾಗ) ಇನ್‌ಟೇಕಿಗೆ 0.018 ಇಂಚು, ಎಕ್ಸಾಸ್ಟಿಗೆ 0.016 ಇಂಚು. ಪ್ಲಗ್ ಗ್ಯಾಪ್ 0.030 ಇಂಚು, ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ) 1-3-4-2. ಪ್ಲಗ್ಗಿನ ತೂತಿಗೆ ಗೇಜು ಹಿಡಿದು ಕಂಪ್ರೆಶನ್ (ಒಳಗಿನ ಒತ್ತಡ) ನೋಡಿದಾಗ ಸಿಲಿಂಡರುಗಳ ನಡುವೆ 10 ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಕಡಿಮೆಯಿದ್ದದ್ದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗಿನ ತೊಂದರೆ, ಏರದಿದ್ದರೆ ವಾಲ್ವಿನದು.

ಚಕ್ರ ಬಿಚ್ಚುವಾಗ ಜೋಪಾನ. ಎಡಗಡೆಯ ನಟ್ಟುಗಳಿಗೆ ಉಲ್ಟಾ ಥ್ರೆಡ್, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಗೊತ್ತಿಲ್ಲದೆ ಪೈಪು ಹಾಕಿ ಎಳೆದು ಸ್ಟಡ್ ಮುರಿದುಕೊಂಡವರು ಎಷ್ಟೋ ಜನ. ಉಳಿದ ನಟ್ಟುಗಳೂ ಇಂಚಿನ ಲೆಕ್ಕದವು. ಅರ್ಧ ಇಂಚಿನದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಮೂಲೆ ಸವೆಯುತ್ತದೆ. ಇಂಚಿನ ಸೆಟ್ಟು ಒಂದು ಕೊಳ್ಳಿ.

ಬಿಡಿಭಾಗ ಸಿಗುವುದು ದೊಡ್ಡ ಮಾತಲ್ಲ, ಸರಿಯಾದ ಅಳತೆಯದು ಸಿಗುವುದು ದೊಡ್ಡದು. ಗ್ಯಾಸ್ಕೆಟ್, ಕ್ಲಚ್, ಬ್ರೇಕಿನ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೇ ಎರಕದ ಭಾಗಗಳಿಗೆ ಶಿವಾಜಿನಗರದ ಗುಜರಿ. ಫೋನಿನಲ್ಲಿ ಹೆಸರು ಹೇಳಿ ತರಿಸಬೇಡಿ, ಹಳೆಯ ತುಂಡನ್ನೇ ಒಯ್ಯಿರಿ. ಬೇರಿಂಗಿನ ಮೇಲೆ ಕೊರೆದ ನಂಬರ್ ಓದಿಕೊಂಡರೆ ಹಾಸನದ ಬೇರಿಂಗ್ ಅಂಗಡಿಯಲ್ಲೇ ಕೇಳಬಹುದು. ಆಯಿಲ್ ಸೀಲಿಗೆ ಒಳ ವ್ಯಾಸ, ಹೊರ ವ್ಯಾಸ, ದಪ್ಪ ಮೂರೂ ಬೇಕು. ಪಿಸ್ಟನ್ ವಿಷಯದಲ್ಲಿ ಮೊದಲು ಲೇತಿನವರ ಹತ್ತಿರ ಬೋರ್ ಅಳೆಸಿ (ಮೂಲ ಅಳತೆ 79.4 ಮಿ.ಮೀ.), ಆಮೇಲೆ ಓವರ್‌ಸೈಜ್ (ಮೂಲಕ್ಕಿಂತ ತುಸು ದೊಡ್ಡ) ಪಿಸ್ಟನ್ ತಂದು, ಆ ಪಿಸ್ಟನ್ನನ್ನೇ ಕೈಗೆ ಕೊಟ್ಟು ಬೋರಿಂಗ್ ಮಾಡಿಸಿ.

ಪೇಂಟಿಂಗ್ ಕೆಲಸ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಯಲಿ. ಮಳೆಗಾಲದಲ್ಲಿ ಥಿನ್ನರ್ ಆರುತ್ತಾ ತಗಡು ತಣ್ಣಗಾಗಿ ಗಾಳಿಯ ತೇವ ಕೂತು ಬಣ್ಣ ಬೆಳ್ಳಗೆ ಮಂಕಾಗುತ್ತದೆ. ಪ್ರೈಮರ್ ಹೊಡೆದು ಹಾಗೇ ಬಿಟ್ಟರೆ ಇನ್ನೂ ಕೆಟ್ಟದ್ದು. ಅದು ನೀರು ಹೀರುತ್ತದೆ, ಒಳಗೇ ತುಕ್ಕು ಏಳುತ್ತದೆ.

ಗೇರ್‌ಬಾಕ್ಸಿಗೂ ಅದರ ಹಿಂದಿನ ಟ್ರಾನ್ಸ್‌ಫರ್ ಕೇಸಿಗೂ (ಮುಂದಿನ-ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) 90ರ ದಪ್ಪದ, ಜಿಎಲ್-4 ದರ್ಜೆಯ ಗೇರ್ ಆಯಿಲ್. ಎರಡರ ನಡುವೆ ಸೀಲ್ ಸವೆದರೆ ಆಯಿಲ್ ಒಂದರಿಂದ ಇನ್ನೊಂದಕ್ಕೆ ಸರಿಯುತ್ತದೆ. ಮೊದಲ 100 ಕಿ.ಮೀ. ಓಡಿಸಿದ ಮೇಲೆ ಎರಡರ ಫಿಲ್ಲರ್ ಪ್ಲಗ್ಗನ್ನೂ ಬಿಚ್ಚಿ ಮಟ್ಟ ನೋಡಿ.