ಆ್ಯಕ್ಸೆಸ್ ರಿಪೋರ್ಟಿನಲ್ಲಿ ತುಂಡಾಗದ ಗೆರೆಗಳು: ನನ್ನ ಅನುಭವ

ಅಚ್ಚಾದ ಬಿಲ್ ಪುಸ್ತಕದಲ್ಲಿರುವಂತೆ ರಿಪೋರ್ಟಿನ ಕಾಲಮ್‌ಗಳ ನಡುವಿನ ಉದ್ದಗೆರೆಗಳು ಪುಟದ ತಲೆಯಿಂದ ಬುಡದವರೆಗೆ ಎಲ್ಲಿಯೂ ತುಂಡಾಗದೆ ಇಳಿಯಬೇಕು ಎಂದು ನಾನು ಹೇಳಿದಾಗ, ಅದು ದಾಖಲೆಗಳನ್ನು ಕೂಡಿಟ್ಟು ಅವುಗಳಿಂದ ರಿಪೋರ್ಟ್ (ಮುದ್ರಿಸುವ ವರದಿ) ತಯಾರಿಸುವ ಮೈಕ್ರೋಸಾಫ್ಟ್ ಆ್ಯಕ್ಸೆಸ್‌ನಿಂದ ಆಗುವ ಕೆಲಸವಲ್ಲ, ಬೇರೆ ರಿಪೋರ್ಟ್ ತಂತ್ರಾಂಶವನ್ನೇ ಕೊಳ್ಳಬೇಕು ಎಂದು ಜೊತೆಯವರು ತೀರ್ಪು ಕೊಟ್ಟುಬಿಟ್ಟರು. ಅದರ ಲೈಸೆನ್ಸಿನ ಬೆಲೆ ಇಡೀ ಕೆಲಸಕ್ಕೆ ನನಗೆ ಬರಲಿದ್ದ ಹಣದ ಹೆಚ್ಚುಕಡಿಮೆ ಅರ್ಧದಷ್ಟಿತ್ತು. ಈಗ ಆ ರಿಪೋರ್ಟ್ ದಿನವೂ ಮುದ್ರಣವಾಗುತ್ತಿದೆ. ನಾನು ಏನನ್ನೂ ಕೊಳ್ಳಲಿಲ್ಲ.

ತೊಡಕಿನ ಮೂಲ ಕ್ಯಾನ್ ಗ್ರೋ, ಅಂದರೆ ಒಳಗಿನ ಬರಹ ಹೆಚ್ಚಾದಂತೆ ಬಾಕ್ಸ್ ಕೆಳಕ್ಕೆ ಬೆಳೆಯಲು ಬಿಡುವ ಗುಣ. ವಿವರಣೆಯ ಟೆಕ್ಸ್ಟ್ ಬಾಕ್ಸ್ ಎರಡು ಮೂರು ಸಾಲಿಗೆ ಬೆಳೆದರೂ ಪಕ್ಕದ ದರ, ಮೊತ್ತದ ಬಾಕ್ಸ್‌ಗಳು ಹಳೆಯ ಎತ್ತರದಲ್ಲೇ ನಿಲ್ಲುತ್ತವೆ. ಆದ್ದರಿಂದ ಅವುಗಳ ಅಂಚನ್ನು ನೆಚ್ಚಿಕೊಂಡರೆ ಗೆರೆ ನಡುವೆ ಕಡಿದುಹೋಗುತ್ತದೆ. ಮೊದಲು ಪ್ರತಿ ದಾಖಲೆಗೊಮ್ಮೆ ಬರುವ ಡಿಟೇಲ್ ಭಾಗದ ಪ್ರಿಂಟ್ ಈವೆಂಟಿನಲ್ಲಿ (ಆ ಭಾಗ ಮುದ್ರಣವಾಗುವ ಮುನ್ನ ಕೋಡ್ ನಡೆಯುವ ಘಟ್ಟದಲ್ಲಿ), ಎಲ್ಲಕ್ಕಿಂತ ಎತ್ತರದ ಬಾಕ್ಸನ್ನು ಹುಡುಕಿ ಲೈನ್ ಮೆಥಡ್‌ನಿಂದ ಗೆರೆ ಎಳೆದೆ. ಸಾಲುಗಳು ಕೂಡಿಕೊಂಡವು, ಆದರೆ ದಾಖಲೆ ಮುಗಿದಲ್ಲಿಗೆ ಗೆರೆಯೂ ಮುಗಿದು, ಕೆಳಗಿನ ಅರ್ಧ ಪುಟ ಬೋಳಾಗಿಯೇ ಉಳಿಯಿತು. ಬಳಿಕ ನೆಕ್ಸ್ಟ್‌ರೆಕಾರ್ಡ್ ಅನ್ನು ಫಾಲ್ಸ್ ಮಾಡಿ, ಅಂದರೆ ಮುಂದಿನ ದಾಖಲೆಗೆ ಹೋಗದಂತೆ ತಡೆದು, ಖಾಲಿ ಸಾಲುಗಳನ್ನು ತುಂಬಿಸಿದೆ. ಯಾವ ಸಾಲು ಎಷ್ಟು ಬೆಳೆಯುತ್ತದೆಂಬುದು ಮೊದಲೇ ಗೊತ್ತಿರದ ಕಾರಣ ಕೊನೆಯ ಖಾಲಿ ಸಾಲು ಆಗಾಗ ಮುಂದಿನ ಪುಟಕ್ಕೆ ಜಾರುತ್ತಿತ್ತು. ಪೂರ್ವನೋಟವನ್ನು ನಂಬದೆ ಕಾಗದದ ಮೇಲೆಯೇ ನೋಡುವ ಹಟ ನನ್ನದು. ಈ ಹಂತದಲ್ಲೇ ಸುಮಾರು ಒಂದು ರೀಮ್ ಕಾಗದವೂ ಸಾಕಷ್ಟು ಟೋನರೂ ಖರ್ಚಾದವು.

ಕೊನೆಗೆ ಕೈಹಿಡಿದದ್ದು ರಿಪೋರ್ಟಿನ ಪೇಜ್ ಈವೆಂಟ್. ಪುಟದ ಎಲ್ಲ ಭಾಗಗಳೂ ಸಿದ್ಧವಾದ ನಂತರ, ಮುದ್ರಣಕ್ಕೆ ಮುನ್ನ ಅದು ನಡೆಯುವುದರಿಂದ ಯಾವ ಸಾಲು ಎಷ್ಟು ಬೆಳೆಯಿತೆಂಬ ಗೊಡವೆಯೇ ಅಲ್ಲಿಲ್ಲ. ಪೇಜ್ ಹೆಡರಿನ ಎತ್ತರದಿಂದ ಆರಂಭಿಸಿ, ಸ್ಕೇಲ್‌ಹೈಟ್‌ನಲ್ಲಿ (ಮಾರ್ಜಿನ್ನಿನ ಒಳಗಿನ ಪುಟದ ಎತ್ತರದಲ್ಲಿ) ಪೇಜ್ ಫುಟರಿನ ಎತ್ತರವನ್ನು ಕಳೆದಲ್ಲಿಯವರೆಗೆ ಗೆರೆ ಎಳೆದರಾಯಿತು. ಮೊದಲ ಪುಟದಲ್ಲಿ ಮಾತ್ರ ರಿಪೋರ್ಟ್ ಹೆಡರಿನ ಎತ್ತರವನ್ನೂ ಸೇರಿಸಿಕೊಳ್ಳಬೇಕು. ಅಳತೆಯೆಲ್ಲ ಟ್ವಿಪ್‌ನಲ್ಲಿ, ಇಂಚಿಗೆ 1440, ಸೆಂಟಿಮೀಟರಿಗೆ ಸುಮಾರು 567. ಸೊನ್ನೆ ಶುರುವಾಗುವುದು ಕಾಗದದ ಅಂಚಿನಿಂದಲ್ಲ, ಮಾರ್ಜಿನ್ನಿನ ಒಳಗಿನಿಂದ. ಗೆರೆಯ ಸ್ಥಾನವನ್ನು ಅಂಕಿಯಾಗಿ ಬರೆಯದೆ ಆಯಾ ಟೆಕ್ಸ್ಟ್ ಬಾಕ್ಸಿನ ಲೆಫ್ಟ್ ಮೌಲ್ಯದಿಂದಲೇ (ಎಡ ಅಂಚಿನ ಸ್ಥಾನದಿಂದಲೇ) ಓದಿಸಿದ್ದೇನೆ. ಕಾಲಮ್ ಸರಿಸಿದರೆ ಗೆರೆ ತಾನಾಗಿಯೇ ಹಿಂಬಾಲಿಸುತ್ತದೆ. ಇದಕ್ಕಾಗಿ ಸ್ವಲ್ಪ ಬೀಗಿದರೆ ತಪ್ಪಿಲ್ಲವೆಂದುಕೊಂಡಿದ್ದೇನೆ.

ಗೆರೆಯ ದಪ್ಪದ ಮೇಲೆ ಒಂದಿಷ್ಟು ಪ್ರಯೋಗ ನಡೆಸಿದೆ. ದಪ್ಪವನ್ನು ಹೇಳುವ ಡ್ರಾವಿಡ್ತ್ ಪಿಕ್ಸೆಲ್ ಲೆಕ್ಕದ್ದಾದ್ದರಿಂದ ಮುದ್ರಕದ ರೆಸಲ್ಯೂಷನ್ ಬದಲಾದರೆ ದಪ್ಪವೂ ಬದಲಾಗುತ್ತದೆ; ನನ್ನ ಲೇಸರ್ ಮುದ್ರಕಕ್ಕೆ ಐದರ ಆಸುಪಾಸಿನ ಮೌಲ್ಯ ಒಪ್ಪಿತು. ಗೆರೆಗಳೇ ಬಂದಿಲ್ಲವೆಂದು ಇದು ಆಗದೆಂದಿದ್ದ ಜೊತೆಯವರಲ್ಲೊಬ್ಬರು ಹೇಳಿದಾಗ ನೋಡಿದರೆ, ಅವರು ತೆರೆದದ್ದು ಪರದೆಯ ಮೇಲೆ ಓದಲಿಕ್ಕಿರುವ ರಿಪೋರ್ಟ್ ವ್ಯೂ. ಅಲ್ಲಿ ಈ ಈವೆಂಟ್ ನಡೆಯುವುದೇ ಇಲ್ಲ, ಪ್ರಿಂಟ್ ಪ್ರಿವ್ಯೂ ಬೇಕು.

ಒಟ್ಟು ಮೊತ್ತವನ್ನು ಕೊನೆಯ ಪುಟದ ಬುಡದಲ್ಲಿ ಕೂರಿಸುವುದು ಇನ್ನೊಂದು ಕಾಟ, ಏಕೆಂದರೆ ಪೇಜ್ ಫುಟರಿನಲ್ಲಿ ಸಮ್ (ಕೂಡುವ ಸೂತ್ರ) ಬರೆದರೆ ಎರರ್ ಬರುತ್ತದೆ. ಡಿಟೇಲ್‌ನಲ್ಲಿ ರನ್ನಿಂಗ್ ಸಮ್ (ಸಾಲು ಸಾಲಿಗೂ ಕೂಡುತ್ತ ಹೋಗುವ ಮೊತ್ತ) ಇರುವ ಬಾಕ್ಸೊಂದನ್ನು ಮರೆಮಾಡಿ, ಫುಟರಿನ ಬಾಕ್ಸ್ ಅದನ್ನು ಓದುವಂತೆ ಮಾಡಿದೆ. ಕೊನೆಯ ಪುಟದಲ್ಲಿ ಷರಾ ಬಂದಾಗ ಗೆರೆಗಳು ಅದರ ಮೇಲೆ ಹಾಯದಂತೆ ತಡೆಯುವ ಉಪಾಯವೂ ನನ್ನಲ್ಲಿದೆ. ಅದು ನನಗೆ ಇನ್ನೂ ಕೆಲಸ ತಂದುಕೊಡುತ್ತಿರುವುದರಿಂದ ಸದ್ಯಕ್ಕೆ ಬರೆಯುವುದಿಲ್ಲ. ಪೇಜ್ ಸೆಟಪ್‌ನಲ್ಲಿ ನಿರ್ದಿಷ್ಟ ಮುದ್ರಕದ ಬದಲು ಡೀಫಾಲ್ಟ್ ಮುದ್ರಕವನ್ನು ಆರಿಸಿಟ್ಟ ಮೇಲೆ, ಎ4 ಹಾಳೆಗೆಂದು ಬರೆದ ಅದೇ ಕೋಡ್ ಲೆಟರ್ ಅಳತೆಯ ಹಾಳೆಯ ಮೇಲೂ ಒಂದು ಅಂಕಿಯನ್ನೂ ತಿದ್ದದೆ ನಡೆಯಿತು.