ಸಾಲದ ಪುಸ್ತಕ ಬೀಗ ಹಾಕಿಟ್ಟು ಚುನಾವಣೆಗೆ ನಿಂತೆ

ನಮ್ಮ ಹಾರ್ಡ್‌ವೇರ್ ಅಂಗಡಿ ಇರುವುದು ತುಮಕೂರು ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿ. ಪಿವಿಸಿ ಪೈಪು, ಗೇಟ್‌ವಾಲ್, ಮೋಟಾರು ಕೇಬಲ್ಲು, ಡ್ರಿಪ್ ಸಾಮಾನು ಮಾರುತ್ತೇವೆ. ಗಿರಾಕಿಗಳು ಹೆಚ್ಚಿನವರು ತೆಂಗು ಬೆಳೆಯುವವರು. "ಕೊಬ್ಬರಿ ಮಾರಿದ ಮೇಲೆ ಕೊಡ್ತೀನಿ ಅಣ್ಣ" ಅಂತಾರೆ, ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಕೊಬ್ಬರಿ ಧಾರಣೆ ಇಳಿಯುತ್ತಾ ಹೋದ ಹಾಗೆ ಆ ಪುಸ್ತಕ ತುಂಬುತ್ತಾ ಹೋಯಿತು. ಹಿಂದೆ ಎರಡೇ ತಿಂಗಳಲ್ಲಿ ತೀರಿಸುತ್ತಿದ್ದವರ ಹೆಸರು ವರ್ಷ ಕಳೆದರೂ ಹಾಗೇ ಉಳಿಯಿತು. ಅವರು ಮೋಸಗಾರರಲ್ಲ, ಕೈಯಲ್ಲಿ ದುಡ್ಡಿರಲಿಲ್ಲ. ನಮ್ಮ ಕಡೆಯ ಈ ಕಷ್ಟ ವಿಧಾನಸಭೆಯಲ್ಲಿ ಯಾರಾದರೂ ಬಿಡದೆ ಹೇಳಬೇಕು ಅನ್ನಿಸಿ 2023ರಲ್ಲಿ ಪಕ್ಷೇತರನಾಗಿ ನಿಂತೆ.

ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಒಂದೇ ಮಾತು ಹೇಳಿದಳು: "ನಿಂತ್ಕೊಳ್ಳಿ. ಆದ್ರೆ ಈ ಪುಸ್ತಕದಲ್ಲಿ ಹೆಸರಿರೋರ ಹತ್ರ ಸಾಲದ ಮಾತು ಎತ್ತಬೇಡಿ." ಅವತ್ತೇ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಅವಳಿಗೆ ಕೊಟ್ಟೆ. ಅದರ ಬೆಲೆ ಆಮೇಲೆ ಗೊತ್ತಾಯಿತು.

ವ್ಯಾಪಾರ ಮಾಡುವವರು ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಬೇಕಾದ್ದು ಸರ್ಕಾರದ ಗುತ್ತಿಗೆ. ಜನಪ್ರಾತಿನಿಧ್ಯ ಕಾಯ್ದೆಯ 9ಎ ಸೆಕ್ಷನ್ ಪ್ರಕಾರ, ರಾಜ್ಯ ಸರ್ಕಾರಕ್ಕೆ ಸಾಮಾನು ಒದಗಿಸುವ ಗುತ್ತಿಗೆ ಚಾಲ್ತಿಯಲ್ಲಿದ್ದರೆ ವಿಧಾನಸಭೆಗೆ ನಿಲ್ಲುವ ಹಾಗಿಲ್ಲ. ನಾನು ಹಿಂದಿನ ವರ್ಷ ಒಂದು ಸರ್ಕಾರಿ ಕಟ್ಟಡಕ್ಕೆ ಪೈಪು ಕೊಟ್ಟಿದ್ದೆ, ಬಿಲ್ಲಿನ ದುಡ್ಡು ಇನ್ನೂ ಬಂದಿರಲಿಲ್ಲ. ಎರಡು ರಾತ್ರಿ ನಿದ್ದೆ ಇಲ್ಲ. ಪರಿಚಯದ ವಕೀಲರು ಕಾಯ್ದೆ ತೆಗೆದು ತೋರಿಸಿದರು: ನಮ್ಮ ಕಡೆಯ ಕೆಲಸ ಪೂರ್ತಿ ಮುಗಿದಿದ್ದರೆ ಸಾಕು, ಸರ್ಕಾರ ದುಡ್ಡು ಕೊಟ್ಟಿಲ್ಲ ಅನ್ನುವ ಒಂದೇ ಕಾರಣಕ್ಕೆ ಗುತ್ತಿಗೆ ಚಾಲ್ತಿಯಲ್ಲಿದೆ ಅಂತ ಆಗುವುದಿಲ್ಲ. ಸಾಮಾನು ತಲುಪಿದ ರಸೀದಿಗಳನ್ನೆಲ್ಲ ಹುಡುಕಿ ಜೋಡಿಸಿಟ್ಟುಕೊಂಡೆ.

ನಾಮಪತ್ರಕ್ಕೆ ಏಪ್ರಿಲ್ 13ರಿಂದ 20ರವರೆಗೆ ಸಮಯ ಇತ್ತು. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ, ಅಂದರೆ ಅಭ್ಯರ್ಥಿಯ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು, ಸಾಕು. ಪಕ್ಷೇತರರಿಗೆ ಅದೇ ಕ್ಷೇತ್ರದ 10 ಮತದಾರರು ಬೇಕು. ಪ್ರತಿಯೊಬ್ಬರ ಭಾಗದ ಸಂಖ್ಯೆ, ಕ್ರಮಸಂಖ್ಯೆ ಮತದಾರರ ಪಟ್ಟಿಗೆ ಸರಿಹೊಂದಬೇಕು. ನಾನು ಹಳೇ ಪಟ್ಟಿ ನೋಡಿ ಬರೆದು ತಪ್ಪು ಮಾಡಿದ್ದೆ. ಇಬ್ಬರ ಕ್ರಮಸಂಖ್ಯೆ ಹೊಸ ಪಟ್ಟಿಯಲ್ಲಿ ಬದಲಾಗಿತ್ತು. ಪುಣ್ಯಕ್ಕೆ ಕೊಡುವ ಮೊದಲೇ ಗೊತ್ತಾಯಿತು. ನಾಮಪತ್ರ ನಾಲ್ಕು ಸೆಟ್‌ವರೆಗೂ ಕೊಡಲು ಅವಕಾಶ ಇದೆ. ನಾನು ಬೇರೆ ಬೇರೆ ಸೂಚಕರನ್ನಿಟ್ಟು ಎರಡು ಸೆಟ್ ಕೊಟ್ಟೆ, ನೀವೂ ಹಾಗೇ ಮಾಡಿ. ನಾಮಪತ್ರದ ಜೊತೆ ಆಸ್ತಿ, ಸಾಲ, ಕೇಸುಗಳ ವಿವರ ಬರೆದು ಕೊಡುವ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಒಂದು ಕಾಲಂ ಕೂಡ ಖಾಲಿ ಬಿಡಬೇಡಿ. ಏನೂ ಇಲ್ಲದಿದ್ದರೆ "ಇಲ್ಲ" ಅಂತ ಬರೆಯಿರಿ. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5,000.

ಲೆಕ್ಕ ಬರೆಯುವುದು ನನಗೆ ರೂಢಿಯ ಕೆಲಸ. ಆದರೂ ಇಲ್ಲಿಯ ಲೆಕ್ಕ ಬೇರೆ. ಖರ್ಚಿನ ಮಿತಿ 40 ಲಕ್ಷ, ನಾನು ಅದರ ಹತ್ತಿರಕ್ಕೂ ಹೋಗಲಿಲ್ಲ. ಚುನಾವಣೆಗೆ ಅಂತಲೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು, ಅದೂ ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು. ಚುನಾವಣಾಧಿಕಾರಿಗಳು ಕೊಡುವ ರಿಜಿಸ್ಟರಿನಲ್ಲಿ ದಿನದ ಖರ್ಚಿಗೆ ಬಿಳಿ ಹಾಳೆ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಬ್ಯಾನರ್ ಕಟ್ಟಲು ನನ್ನ ಅಂಗಡಿಯ ನೈಲಾನ್ ಹಗ್ಗ ತೆಗೆದುಕೊಂಡಾಗ ಹುಡುಗ "ನಮ್ದೇ ಅಲ್ವಾ ಸಾರ್" ಅಂದ. ನಮ್ಮದಾದರೂ ಬಿಲ್ ಹಾಕಿಸಿ ಬಿಳಿ ಹಾಳೆಯಲ್ಲಿ ಬರೆಸಿದೆ. ಅಂಗಡಿಯ ಗಲ್ಲಾಪೆಟ್ಟಿಗೆಯ ದುಡ್ಡು ಪ್ರಚಾರದ ಗಾಡಿಯಲ್ಲಿ ಹೋಗಲೇಬಾರದು. ಆ ದಿನಗಳಲ್ಲಿ 50,000ಕ್ಕಿಂತ ಜಾಸ್ತಿ ನಗದು ದಾಖಲೆ ಇಲ್ಲದೆ ಚೆಕ್‌ಪೋಸ್ಟಿನಲ್ಲಿ ಸಿಕ್ಕರೆ ಜಪ್ತಿ ಆಗುತ್ತಿತ್ತು.

ಏಪ್ರಿಲ್ 24ಕ್ಕೆ ಹೊಲಿಗೆ ಯಂತ್ರದ ಗುರುತು ಸಿಕ್ಕಿತು. ಕರಪತ್ರದಲ್ಲಿ ಗುರುತು ಹಾಕಿಸಿದ್ದು ಆಮೇಲೆಯೇ. ಮೇ 8ರ ಸಂಜೆಗೆ ಬಹಿರಂಗ ಪ್ರಚಾರ ಬಂದ್. ಗುರುತು ಜನರ ಮನಸ್ಸಿಗೆ ಇಳಿಯಲು ಸಿಕ್ಕಿದ್ದು ಹದಿನಾಲ್ಕೇ ದಿನ. ಮತಯಂತ್ರದಲ್ಲಿ ಪಕ್ಷದವರ ಹೆಸರು ಮೇಲೆ, ಪಕ್ಷೇತರರದ್ದು ಕೆಳಗೆ. "ಕೆಳಗಿನಿಂದ ಎಣಿಸಿ" ಅಂತ ವಯಸ್ಸಾದವರಿಗೆ ಬೆರಳು ಮಡಚಿ ತೋರಿಸುತ್ತಿದ್ದೆ.

ಇನ್ನು ಆ ಪುಸ್ತಕದ ವಿಷಯ. ಒಂದು ಹಳ್ಳಿಯಲ್ಲಿ ನಾನು ಬೀದಿಗೆ ಕಾಲಿಡುತ್ತಿದ್ದ ಹಾಗೇ ಒಬ್ಬರು ಮನೆಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಹತ್ತು ವರ್ಷದ ಗಿರಾಕಿ, ಮೋಟಾರು ಕೇಬಲ್ಲಿನ ಬಾಕಿ ಇತ್ತು. ಅವರ ಅಮ್ಮ ಜಗಲಿ ಮೇಲೆ ಕೂತು ಕೊಬ್ಬರಿ ಸುಲಿಯುತ್ತಿದ್ದರು. ಕತ್ತಿ ಕೆಳಗಿಟ್ಟು, "ಈಗ ಬೆಲೆ ಇಲ್ಲ ಕಣಪ್ಪ, ಮಾರಿದ ತಕ್ಷಣ ಕಳಿಸ್ತಾನೆ" ಅಂದರು. ನಾನು ಓಟು ಕೇಳಲು ಬಂದಿದ್ದೇನೆ ಅಂತ ಅವರಿಗೆ ಹೊಳೆದೇ ಇರಲಿಲ್ಲ. ಜಗಲಿ ಮೇಲೆ ಅವರ ಪಕ್ಕ ಕೂತೆ. "ಅಮ್ಮ, ಬಾಕಿ ಕೇಳೋಕೆ ಬಂದಿಲ್ಲ. ನನಗೆ ಓಟು ಹಾಕದಿದ್ರೂ ನಿಮ್ಮ ಮಗ ಯಾವಾಗ ಬಂದ್ರೂ ಅಂಗಡೀಲಿ ಸಾಮಾನು ಕೊಡ್ತೀನಿ" ಅಂದೆ. ಬಾಗಿಲು ಮೆಲ್ಲಗೆ ತೆರೆಯಿತು. ಅವತ್ತಿನಿಂದ ಪ್ರತಿ ಹಳ್ಳಿಯಲ್ಲೂ ಮೊದಲ ಮಾತು ಅದನ್ನೇ ಆಡಿದೆ. ಸಾಲ ಕೊಟ್ಟವನು ಓಟು ಕೇಳಿದರೆ ಕೇಳಿಸಿಕೊಳ್ಳುವವರಿಗೆ ಅದು ಬೆದರಿಕೆ ಥರ ಕೇಳಿಸಬಹುದು. ಅಂಗಡಿಯವರು ಯಾರೇ ನಿಂತರೂ ಇದನ್ನು ಮರೆಯಬಾರದು. ಇನ್ನೊಬ್ಬರು "ಬಾಕಿ ಮನ್ನಾ ಮಾಡಿ, ನಮ್ಮ ಮನೆಯ ಆರು ಓಟೂ ನಿಮಗೇ" ಅಂದರು. ಅದು ಓಟು ಕೊಂಡುಕೊಂಡ ಹಾಗೆ. ಆಗಲ್ಲ ಅಂತ ಕೈ ಮುಗಿದು ಬಂದೆ.

ಮೇ 10ರ ಮತದಾನಕ್ಕೆ ಎಲ್ಲ ಬೂತಿಗೂ ಏಜೆಂಟರನ್ನು ಕೂರಿಸಲು ನನ್ನಿಂದ ಆಗಲಿಲ್ಲ. ನನಗೆ ಜಾಸ್ತಿ ನೋವು ಕೊಟ್ಟಿದ್ದು ಅದೇ. ಮೇ 13ಕ್ಕೆ ಎಣಿಕೆ. ಸೋತೆ. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗ ದಾಟದೆ ಠೇವಣಿಯೂ ಹೋಯಿತು. ಆ ಸಲ 224 ಕ್ಷೇತ್ರಗಳಲ್ಲಿ ಪಕ್ಷೇತರರಾಗಿ ಗೆದ್ದವರು ಇಬ್ಬರೇ, ಹರಪನಹಳ್ಳಿಯಲ್ಲಿ ಲತಾ ಮಲ್ಲಿಕಾರ್ಜುನ್ ಮತ್ತು ಗೌರಿಬಿದನೂರಿನಲ್ಲಿ ಕೆ.ಎಚ್. ಪುಟ್ಟಸ್ವಾಮಿಗೌಡ.

ಸೋತರೂ ಲೆಕ್ಕ ಕೊಡಬೇಕು, ಫಲಿತಾಂಶದಿಂದ 30 ದಿನದೊಳಗೆ. ಕೊಡದಿದ್ದರೆ ಮೂರು ವರ್ಷ ಅನರ್ಹ ಮಾಡಬಹುದು. ಸೋತ ಬೇಜಾರಿನಲ್ಲಿ ತುಂಬ ಜನ ಇದನ್ನು ಮರೆತುಬಿಡುತ್ತಾರೆ. ನಾನು ಕೊಟ್ಟು ಸ್ವೀಕೃತಿ ಪತ್ರ ತೆಗೆದುಕೊಂಡೆ.

ಬೂತುವಾರು ಮತಗಳ ಪಟ್ಟಿ ಬಂದಾಗ ಒಂದು ರಾತ್ರಿ ಸ್ಕೇಲು ಇಟ್ಟುಕೊಂಡು ಸಾಲುಸಾಲಾಗಿ ನೋಡಿದೆ. ಎರಡು ಸಲ ಕಾಲ್ನಡಿಗೆಯಲ್ಲಿ ಹೋಗಿದ್ದ ಹಳ್ಳಿಗಳಲ್ಲಿ ಓಟು ಬಂದಿತ್ತು. ಮೈಕು ಕಟ್ಟಿದ ಆಟೋ ಮಾತ್ರ ಹೋಗಿದ್ದ ಕಡೆ ಬರಲೇ ಇಲ್ಲ. ಓಟು ಬಾರದ ಆ ಹಳ್ಳಿಗಳ ಹೆಸರು ಒಂದು ಹೊಸ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಒಂದೊಂದಕ್ಕೇ ಹೋಗುತ್ತಿದ್ದೇನೆ.