ಕೋಳಿಗೂಡಿನ ಕೆಂಪು ನುಸಿ ಹೋಗಿದ್ದು ಹೀಗೆ

ಕತ್ತಲಾದರೂ ಕೋಳಿಗಳು ಗೂಡು ಸೇರುತ್ತಿರಲಿಲ್ಲ. ಜುಟ್ಟು ಬಿಳಿಚಿತ್ತು, ಮೊಟ್ಟೆ ಕಮ್ಮಿ. ಹಗಲಲ್ಲಿ ರೆಕ್ಕೆ ಬಿಡಿಸಿ ನೋಡಿದರೆ ಏನೂ ಇಲ್ಲ. ರಾತ್ರಿ ಅವು ಕೂರುವ ಬಿದಿರಿನ ಅಡಿಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿದಾಗ ರಕ್ತದ ಗೆರೆ ಮೂಡಿತು: ಕೆಂಪು ನುಸಿ.

ಬೂದಿ ಗುಂಡಿ, ಬೇವಿನ ಹೊಗೆ, ಮೈಗೆ ಪುಡಿ ಯಾವುದೂ ನಾಟಲಿಲ್ಲ. ಈ ನುಸಿ ರಾತ್ರಿ ರಕ್ತ ಹೀರಿ ಹಗಲೆಲ್ಲ ಮರದ ಸಂದಿಯಲ್ಲಿರುತ್ತದೆ. ಗೂಡು ಖಾಲಿ ಬಿಟ್ಟರೂ ಸಾಯದು, ತಿಂಗಳುಗಟ್ಟಲೆ ಉಪವಾಸ ತಡೆಯುತ್ತದೆ.

ಕೊನೆಗೆ ಕೆಲಸ ಮಾಡಿದ್ದು ಈ ಕ್ರಮ. ಬೆಳಿಗ್ಗೆ ಕೋಳಿಗಳನ್ನು ಹೊರಬಿಟ್ಟು ಹಾಸಿದ್ದ ಹೊಟ್ಟು, ಬಿದಿರು ಎರಡನ್ನೂ ಸುಟ್ಟೆ. ಬಿದಿರಿನ ಟೊಳ್ಳಿನಲ್ಲೇ ಹೆಚ್ಚು ನುಸಿ. ಪ್ರತಿ ಸಂದಿಗೂ ಕುದಿನೀರು. ಒಣಗಿದ ಮೇಲೆ ಬಿರುಕುಗಳಿಗೆ ಪುಟ್ಟಿ, ಅದರ ಮೇಲೆ ಗಟ್ಟಿಯಾಗಿ ಕಲಸಿದ ಸುಣ್ಣ ಎರಡು ಸಲ. ಸುಣ್ಣ ಪೂರ್ತಿ ಒಣಗುವ ತನಕ ಕೋಳಿ ಒಳಗೆ ಬಿಡಬೇಡಿ, ಕಾಲು ಕಣ್ಣು ಸುಡುತ್ತದೆ. ಬಿದಿರಿನ ಜಾಗಕ್ಕೆ ಅಂಚು ಉಜ್ಜಿದ 2 ಇಂಚಿನ ಮರದ ರೀಪು (ಪಟ್ಟಿ), ಗೋಡೆಗೆ ಎಲ್ಲೂ ತಾಗದಂತೆ ಕಾಲು ಕೊಟ್ಟು ನಿಲ್ಲಿಸಿದೆ. ಕಾಲುಗಳು ಎಣ್ಣೆ ಹಾಕಿದ ಡಬ್ಬಿಯೊಳಗೆ. ಡಬ್ಬಿಯ ಬಾಯಿ ಕಿರಿದಿರಲಿ, ಇಲ್ಲದಿದ್ದರೆ ಕೊಕ್ಕು ಹಾಕುತ್ತವೆ.

ಸೆಕೆಗಾಲದಲ್ಲಿ ಮೊಟ್ಟೆಯೊಡೆದು ಬೆಳೆದ ನುಸಿಯಾಗಲು ವಾರ ಸಾಕು. ಆದ್ದರಿಂದ 5ನೇ ಮತ್ತು 10ನೇ ದಿನ ರೀಪಿಗೂ ಮೊಟ್ಟೆ ಪೆಟ್ಟಿಗೆಗೂ ಮತ್ತೆ ಕುದಿನೀರು. ಇದನ್ನು ತಪ್ಪಿಸಿದರೆ ಉಳಿದದ್ದೆಲ್ಲ ದಂಡ. ಆಮೇಲೂ ತಿಂಗಳಿಗೊಮ್ಮೆ ರಾತ್ರಿ ಬಿಳಿ ಬಟ್ಟೆ ಪರೀಕ್ಷೆ.